ತೋಟಾ ಚೀಲದಲ್ಲಿ ಚಾಕೊಲೇಟು

ಪ್ರೇಮಿಗಳ ವಾರದಲ್ಲಿ ಈಗ ಚಾಕೊಲೇಟಿಗೂ ಒಂದು ದಿನ ಮೀಸಲು. ಒಂದೇ ಒಂದು ಡಬ್ಬಿ ಚಾಕೊಲೇಟಿನಿಂದ ಯುದ್ಧದ ಜಂಬವನ್ನೂ ಪ್ರೇಮದ ಜಂಬವನ್ನೂ ಇಳಿಸಿದ ನಾಟಕವೊಂದಿದೆ. 1894ರಲ್ಲಿ ಲಂಡನ್ ಅದನ್ನು ಕುಚೋದ್ಯವೆಂದುಕೊಂಡು ನಕ್ಕಿತು. ಆಮೇಲೆ ಎರಡು ಮಹಾಯುದ್ಧಗಳು ಬಂದುಹೋದವು. ನಗು ನಿಲ್ಲಲಿಲ್ಲ, ನಗುವ ಕಾರಣ ಬದಲಾಯಿತು!

ಪರದೆ ಬಿದ್ದಾಗಿತ್ತು, ಚಪ್ಪಾಳೆ ನಿಂತಿರಲಿಲ್ಲ. 1894ರ ಏಪ್ರಿಲ್ 21ರ ರಾತ್ರಿ. ಥೇಮ್ಸ್ ನದಿಯ ದಂಡೆಗೆ ಹತ್ತಿಕೊಂಡಿದ್ದ ಅವೆನ್ಯೂ ಥಿಯೇಟರಿನಲ್ಲಿ ಜನ ನಾಟಕ ಬರೆದವನನ್ನು ವೇದಿಕೆಗೆ ಕರೆಯುತ್ತಿದ್ದರು. ಕೆಂಪು ಗಡ್ಡದ, ಬಡಕಲು ಮೈಯ, ಪತ್ರಿಕೆಗೆ ಸಂಗೀತ ವಿಮರ್ಶೆ ಬರೆದು ಬದುಕುತ್ತಿದ್ದ ಐರಿಷ್ ಮನುಷ್ಯನೊಬ್ಬ ಪರದೆಯ ಮುಂದೆ ಬಂದು ನಿಂತ. ವಯಸ್ಸು 37. ಹೆಸರು ಜಾರ್ಜ್ ಬರ್ನಾರ್ಡ್ ಷಾ.

ಅಷ್ಟೂ ಚಪ್ಪಾಳೆಯ ನಡುವೆ ಮೇಲಿನ ಗ್ಯಾಲರಿಯಿಂದ ಒಂದೇ ಒಂದು ಧಿಕ್ಕಾರದ ಕೂಗು ಬಂತು. ಷಾ ಅತ್ತ ತಿರುಗಿದ. ನಿಮ್ಮ ಮಾತಿಗೆ ನನ್ನದೂ ಒಪ್ಪಿಗೆಯಿದೆ ಮಹಾರಾಯರೇ, ಆದರೆ ಇಷ್ಟು ಜನರ ಎದುರು ನಾವಿಬ್ಬರೇ ಏನು ಮಾಡಲಾದೀತು ಎಂದ. ಸಭೆ ಮತ್ತೊಮ್ಮೆ ನಗೆಯಲ್ಲಿ ಮುಳುಗಿತು.

ಸಮಯಸ್ಫೂರ್ತಿಗೆ ಮಾದರಿಯೆಂದು ಈ ಉತ್ತರವನ್ನು ನೂರಾರು ಕಡೆ ಅಚ್ಚು ಹಾಕಿದ್ದಾರೆ. ಆದರೆ ಷಾ ಅದನ್ನು ಮುಕ್ಕಾಲುಪಾಲು ಮನಸಾರೆ ಹೇಳಿದ್ದ. ಜನ ಉರುಳಾಡಿ ನಗುತ್ತಿದ್ದಾಗ, ಇದೊಂದು ಘೋರ ಸೋಲು ಎಂದು ಆ ರಂಗಮಂದಿರದಲ್ಲಿ ಅರಿತಿದ್ದವನು ತಾನೊಬ್ಬನೇ ಎಂದು ಆಮೇಲೆ ನಾಟಕಕಾರ ಹೆನ್ರಿ ಆರ್ಥರ್ ಜೋನ್ಸ್‌ಗೆ ಪತ್ರ ಬರೆದ. ಅವನು ತೋರಿಸಿದ್ದು ಯುದ್ಧದ ನಿಜರೂಪ, ಜನ ಕಂಡದ್ದು ಪ್ರಹಸನ.

ನಾಟಕದ ಹೆಸರು ‘ಆರ್ಮ್ಸ್ ಆ್ಯಂಡ್ ದಿ ಮ್ಯಾನ್’. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಪಠ್ಯವಾಗಿ ಓದಿದವರಿಗೆ ಇದು ಗೈಡು, ನೋಟ್ಸು, ಹತ್ತು ಅಂಕದ ಪ್ರಶ್ನೆ. ರಂಗದ ಮೇಲೆ ಅದು ಬಾಳಿದ ಬದುಕು ಯಾವ ಗೈಡಿನಲ್ಲೂ ಇಲ್ಲ.

ಕೊಳವೆ ಹತ್ತಿ ಬಂದ ಅತಿಥಿ

ಕಥೆ ನಡೆಯುವುದು ಬಲ್ಗೇರಿಯಾದಲ್ಲಿ. 1885ರ ನವೆಂಬರ್, ಸರ್ಬಿಯಾದ ಮೇಲೆ ಬಲ್ಗೇರಿಯಾ ಗೆದ್ದಿದೆ. ಸಿರಿವಂತ ಪೆಟ್ಕಾಫ್ ಮನೆತನದ ಮಗಳು ರೈನಾ, ತಾನು ಮದುವೆಯಾಗಲಿರುವ ಮೇಜರ್ ಸರ್ಜಿಯಸ್‌ನ ಚಿತ್ರಪಟವನ್ನು ದೇವರಂತೆ ಪೂಜಿಸುತ್ತಿದ್ದಾಳೆ. ಅಶ್ವದಳವನ್ನು ಮುನ್ನುಗ್ಗಿಸಿ ಶತ್ರುವಿನ ಫಿರಂಗಿಗಳನ್ನು ಓಡಿಸಿದ ವೀರ ಅವನು.

ಅದೇ ರಾತ್ರಿ ಸೋತ ಪಕ್ಷದ ಸೈನಿಕನೊಬ್ಬ ನೀರಿನ ಕೊಳವೆ ಹಿಡಿದು ಹತ್ತಿ ಅವಳ ಮಲಗುವ ಕೋಣೆಗೆ ನುಗ್ಗುತ್ತಾನೆ. ಹೆಸರು ಬ್ಲಂಟ್ಷ್ಲಿ. ಸ್ವಿಟ್ಜರ್ಲೆಂಡಿನವನು, ಸಂಬಳಕ್ಕೆ ಸೇನೆ ಸೇರಿದವನು. ನಿದ್ದೆಯಿಲ್ಲ, ಊಟವಿಲ್ಲ, ಕೈಯಲ್ಲಿರುವ ಪಿಸ್ತೂಲಿನಲ್ಲಿ ಗುಂಡೂ ಇಲ್ಲ. ತೋಟಾ ಇಡಬೇಕಾದಲ್ಲಿ ತಾನು ಚಾಕೊಲೇಟು ಇಟ್ಟುಕೊಳ್ಳುತ್ತೇನೆ, ಅದೂ ಮುಗಿದುಹೋಯಿತು ಅನ್ನುತ್ತಾನೆ. ರೈನಾ ತನ್ನ ಡಬ್ಬಿಯಲ್ಲಿ ಉಳಿದಿದ್ದ ಚಾಕೊಲೇಟು ಕೊಡುತ್ತಾಳೆ. ಒಂದೇ ಉಸಿರಿಗೆ ಮುಗಿಸುತ್ತಾನೆ.

ಜತೆಗೆ ಒಂದು ಗುಟ್ಟನ್ನೂ ಬಿಚ್ಚುತ್ತಾನೆ. ಆ ಅಶ್ವದಳದ ದಾಳಿ ಗೆದ್ದದ್ದು ಶೌರ್ಯದಿಂದಲ್ಲ, ಸರ್ಬಿಯನ್ನರಿಗೆ ಸರಬರಾಜಾದದ್ದು ತಪ್ಪು ಅಳತೆಯ ಮದ್ದುಗುಂಡು! ಫಿರಂಗಿಗಳ ಬಾಯಿಗೆ ಕುದುರೆ ಓಡಿಸಿದವನು ವೀರನಲ್ಲ, ಬದುಕಿದ್ದೇ ಹೆಚ್ಚು ಅನ್ನಿಸಿಕೊಳ್ಳಬೇಕಾದ ಮಡೆಯ.

ಮುಂದಿನದು ಪ್ರೇಮದ ಹಂಚಿಕೆ. ಉನ್ನತ ಪ್ರೇಮದ ನಾಟಕ ಆಡಿ ಆಡಿ ಸುಸ್ತಾದ ಸರ್ಜಿಯಸ್ ಮನೆಗೆಲಸದ ಲೂಕಾಳ ಹಿಂದೆ ಬೀಳುತ್ತಾನೆ. ರೈನಾ ಚಾಕೊಲೇಟು ತಿಂದವನ ಕೈ ಹಿಡಿಯುತ್ತಾಳೆ. ನನ್ನನ್ನು ಕೇಳಿದರೆ ಈ ನಾಟಕದ ಅತ್ಯುತ್ತಮ ಪಾತ್ರ ಲೂಕಾ. ಉಳಿದವರೆಲ್ಲ ಭ್ರಮೆ ಕಳಚಿಕೊಳ್ಳಲು ಮೂರು ಅಂಕ ತೆಗೆದುಕೊಂಡರೆ, ಇವಳು ಭ್ರಮೆಯಿಲ್ಲದೆಯೇ ರಂಗಕ್ಕೆ ಬರುತ್ತಾಳೆ.

ಚಹಾದ ಹಣ, ಅರೆಬೆಂದ ತಾಲೀಮು

ನಾಟಕ ರಂಗಕ್ಕೆ ಬಂದದ್ದೇ ತುರ್ತಿನಲ್ಲಿ. ನಟಿ ಫ್ಲಾರೆನ್ಸ್ ಫಾರ್ ಅವೆನ್ಯೂ ಥಿಯೇಟರನ್ನು ಬಾಡಿಗೆಗೆ ಹಿಡಿದಿದ್ದಳು. ಹಣ ಹಾಕಿದವಳು ಆನಿ ಹಾರ್ನಿಮನ್, ಹೆಸರಾಂತ ಚಹಾ ವ್ಯಾಪಾರಿ ಮನೆತನದವಳು. ಮನೆಯವರಿಗೆ ತಿಳಿದರೆ ರಂಪವಾದೀತೆಂದು ತನ್ನ ಹೆಸರು ಹೊರಬರದಂತೆ ನೋಡಿಕೊಂಡಿದ್ದಳು. ಕಲಾವಿದ ಆಬ್ರೆ ಬಿಯರ್ಡ್‌ಸ್ಲಿ ಬರೆದ ಭಿತ್ತಿಪತ್ರ ಊರಿಡೀ ಮಾತಾಯಿತು. ಆದರೆ ಅಲ್ಲಿ ಮೊದಲು ಆಡಿದ್ದು ಬೇರೊಂದು ನಾಟಕ, ಅದು ನೆಲಕಚ್ಚಿತು. ಜಾನ್ ಟಾಡ್‌ಹಂಟರ್ ಬರೆದ ಆ ಮೊದಲ ನಾಟಕವನ್ನು ಪ್ರೇಕ್ಷಕರು ಕೂಗಿ ಕೆಡವಿದರು.

ಫಾರ್ ಓಡಿ ಬಂದದ್ದು ಷಾ ಬಳಿಗೆ. ಅವನ ಹೊಸ ನಾಟಕ ಸಿದ್ಧವಾಗುತ್ತಿತ್ತು. ಮೊದಲಿಗೆ ಅದರಲ್ಲಿ ಯುದ್ಧವಿತ್ತು, ದೇಶವಿರಲಿಲ್ಲ. ಕಥೆಗೆ ಒಪ್ಪುವ ಯುದ್ಧವೊಂದನ್ನು ಹುಡುಕಿಕೊಡು ಎಂದು ಗೆಳೆಯ ಸಿಡ್ನಿ ವೆಬ್‌ನನ್ನು ಕೇಳಿದ. ಅಂಕಿ-ಅಂಶಗಳ ಆ ಮನುಷ್ಯ ಸರ್ಬಿಯಾ-ಬಲ್ಗೇರಿಯಾ ಯುದ್ಧವನ್ನು ಎತ್ತಿಕೊಟ್ಟ. ಬಲ್ಗೇರಿಯಾದ ನೌಕಾದಳದಲ್ಲಿ ಕೆಲಸ ಮಾಡಿದ್ದ ರಷ್ಯನ್ ಅಧಿಕಾರಿಯೊಬ್ಬ ಅಲ್ಲಿನ ಮನೆ, ಉಡುಪು, ರೀತಿ ರಿವಾಜುಗಳನ್ನು ಹೇಳಿಕೊಟ್ಟ. ಹೀಗೆ ಯುದ್ಧವನ್ನೂ ಊರನ್ನೂ ಕಡ ತಂದು ಷಾ ನಾಟಕ ಮುಗಿಸಿದ.

ತಾಲೀಮಿಗೆ ಹೆಚ್ಚು ಸಮಯ ಸಿಗಲಿಲ್ಲ. ಮೊದಲ ರಾತ್ರಿ ನಟರಿಗೆ ಇದು ಹಾಸ್ಯವೋ ಗಂಭೀರವೋ ಎಂಬುದೇ ಸ್ಪಷ್ಟವಿರಲಿಲ್ಲ. ಹಾಗಾಗಿ ಪ್ರತಿ ಮಾತನ್ನೂ ಜೀವ ಹೋಗುವಂಥ ಗಾಂಭೀರ್ಯದಿಂದ ಆಡಿದರು, ಸಭೆ ಬಿದ್ದು ಬಿದ್ದು ನಕ್ಕಿತು. ಇದು ಹಾಸ್ಯ ನಾಟಕ ಎಂದು ಗೊತ್ತಾದ ಮೇಲೆ ನಗಿಸಲು ಹೊರಟರು, ನಗು ಇಳಿಯಿತು. ಹಾಸ್ಯ ಆಡಿಸುವ ಯಾವ ನಿರ್ದೇಶಕನಿಗೂ ಈ ಎರಡು ರಾತ್ರಿಗಳಿಗಿಂತ ದೊಡ್ಡ ಪಾಠ ಬೇಕಿಲ್ಲ.

ಪಾತ್ರವರ್ಗವೂ ಮಜವಾಗಿತ್ತು. ಸರ್ಜಿಯಸ್ ಆಗಿದ್ದವನು ಮುಂದೆ ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರಗಾರನಾಗಿ ಹೆಸರು ಮಾಡಿದ ಬರ್ನಾರ್ಡ್ ಪಾರ್ಟ್ರಿಜ್. ಒಂದೇ ದೃಶ್ಯಕ್ಕೆ ಬಂದುಹೋಗುವ ರಷ್ಯನ್ ಅಧಿಕಾರಿ ಎ.ಇ.ಡಬ್ಲ್ಯು. ಮೇಸನ್, ಮುಂದೆ ‘ದಿ ಫೋರ್ ಫೆದರ್ಸ್’ ಎಂಬ ಯುದ್ಧ ಕಾದಂಬರಿ ಬರೆದವನು. ಧಿಕ್ಕಾರ ಕೂಗಿದ್ದ ಯುವಕ ಗೋಲ್ಡಿಂಗ್ ಬ್ರೈಟ್ ಕೂಡ ಸುಮ್ಮನೆ ಮರೆಯಾಗಲಿಲ್ಲ. ಅವನಿಗೆ ಷಾ ಬರೆದ ಪತ್ರಗಳು ಮುಂದೆ ಪುಸ್ತಕವಾದವು.

ಪ್ರಯೋಗಗಳು ಜುಲೈ 7ಕ್ಕೆ ನಿಂತವು. ಗಲ್ಲಾಪೆಟ್ಟಿಗೆ ತುಂಬಲಿಲ್ಲ, ಹಾರ್ನಿಮನ್‌ಳ ಹಣ ಕರಗಿತು. ಅದೇ ಸಂಜೆಗಳಲ್ಲಿ ಷಾ ನಾಟಕಕ್ಕೆ ಮುಂಚೆ ಕವಿ ಯೇಟ್ಸ್‌ನ ಪುಟ್ಟ ನಾಟಕವೊಂದು ನಡೆಯುತ್ತಿತ್ತು. ಅವನು ಹೆಚ್ಚುಕಡಿಮೆ ದಿನಾ ಷಾ ನಾಟಕವನ್ನೂ ಕೂತು ನೋಡಿದ, ಮೆಚ್ಚಿದ, ದ್ವೇಷಿಸಿದ. ಹೊಲಿಗೆ ಯಂತ್ರವೊಂದು ಕಟಕಟ ಸದ್ದು ಮಾಡುತ್ತ ಎಡೆಬಿಡದೆ ನಗುವ ಕೆಟ್ಟ ಕನಸೂ ಅವನಿಗೆ ಬಿತ್ತು. ಆ ಯಂತ್ರವೇ ಷಾ!

ವಿಮರ್ಶಕರು ಬೇರೆ ತಕರಾರು ತೆಗೆದರು. ಸೈನಿಕ ಹೆದರುತ್ತಾನೆಯೇ? ಅಳುವಷ್ಟು ದಣಿಯುತ್ತಾನೆಯೇ? ಚಾಕೊಲೇಟು ತಿನ್ನುತ್ತಾನೆಯೇ? ಷಾ ಅದೇ ಜುಲೈನಲ್ಲಿ ‘ನ್ಯೂ ರಿವ್ಯೂ’ ಪತ್ರಿಕೆಯಲ್ಲಿ ಉದ್ದದ ಉತ್ತರ ಬರೆದ. ನೆಪೋಲಿಯನ್ ಕಾಲದ ಮಾರ್ಬೋ, ಅಮೆರಿಕದ ಅಂತರ್ಯುದ್ಧದಲ್ಲಿ ಕಾದಿದ್ದ ಹೊರೇಸ್ ಪೋರ್ಟರ್, ಬ್ರಿಟನ್ನಿನ ವೂಲ್ಸ್‌ಲಿ, ಹೀಗೆ ರಣರಂಗದಲ್ಲೇ ತಲೆ ನರೆಸಿಕೊಂಡವರನ್ನು ಸಾಕ್ಷಿಗೆ ಕರೆದ. ಯುದ್ಧ ಕಾಣದ ನಾಟಕಕಾರ, ಯುದ್ಧ ಕಾಣದ ವಿಮರ್ಶಕರಿಗೆ ಯುದ್ಧ ಕಂಡವರ ಪುಸ್ತಕ ಹಿಡಿದು ಪಾಠ ಹೇಳಿದ. ಅವರು ನಂಬಲಿಲ್ಲ.

■ ರಾಣಿಯ ಡಬ್ಬಿ
ನಾಟಕ ಬಂದ ಆರೇ ವರ್ಷಕ್ಕೆ ಷಾ ಪರ ಸಾಕ್ಷಿ ಹೇಳಿದವಳು ಸ್ವತಃ ವಿಕ್ಟೋರಿಯಾ ರಾಣಿ. 1900ರ ಹೊಸವರ್ಷಕ್ಕೆ ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಸೈನಿಕರಿಗೆ ಅವಳು ಕಳಿಸಿದ್ದು ಲಕ್ಷಕ್ಕೂ ಹೆಚ್ಚು ಡಬ್ಬಿ ಚಾಕೊಲೇಟು. ತಯಾರಿಸಿದ ಕ್ಯಾಡ್‌ಬರಿ, ಫ್ರೈ, ರೌಂಟ್ರೀ ಮೂರೂ ಯುದ್ಧವಿರೋಧಿ ಕ್ವೇಕರ್ ಪಂಥದವರ ಕಂಪನಿಗಳು. ತಮ್ಮ ಹೆಸರು ಹಾಕಲು ಹಿಂಜರಿದಿದ್ದರು. 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಬರಾ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಅಂಥ ಡಬ್ಬಿಯೊಂದು ಚಾಕೊಲೇಟಿನ ಸಮೇತ ಸಿಕ್ಕಿತು.
ಅಮೆರಿಕದ ಸೇನೆ 1937ರಲ್ಲಿ ಹರ್ಷಿ ಕಂಪನಿಯಿಂದ ಯುದ್ಧಕಾಲದ ಚಾಕೊಲೇಟು ಮಾಡಿಸಿತು. ಹಾಕಿದ ಷರತ್ತು: ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪವೇ ಮೇಲಿರಲಿ. ಹೆಚ್ಚು ರುಚಿಯಾದರೆ ಸೈನಿಕರು ಹಸಿವಿಗೆ ಮುಂಚೆಯೇ ತಿಂದುಬಿಡುತ್ತಾರೆ ಎಂಬ ಭಯ!

ಕೈ ಬಿಟ್ಟ ಕೋಟಿ

ನಾಟಕ 1894ರ ಸೆಪ್ಟೆಂಬರಿನಲ್ಲೇ ಅಟ್ಲಾಂಟಿಕ್ ದಾಟಿತು. ನ್ಯೂಯಾರ್ಕಿನ ಹೆರಾಲ್ಡ್ ಸ್ಕ್ವೇರ್ ಥಿಯೇಟರಿನಲ್ಲಿ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಬ್ಲಂಟ್ಷ್ಲಿಯಾದ. ಅಮೆರಿಕದಲ್ಲಿ ಷಾಗೆ ಬಾಗಿಲು ತೆರೆದದ್ದು ಹೀಗೆ.

ದೊಡ್ಡ ತಮಾಷೆ ನಡೆದದ್ದು ವಿಯೆನ್ನಾದಲ್ಲಿ. 1908ರಲ್ಲಿ ಸಂಗೀತ ಸಂಯೋಜಕ ಆಸ್ಕರ್ ಸ್ಟ್ರಾಸ್ ಈ ಕಥೆಯನ್ನು ಹಾಡು-ಕುಣಿತದ ಅಪೆರೆಟ್ಟಾ ಮಾಡಲು ಹೊರಟ. ಷಾ ಒಪ್ಪಿದ, ಆದರೆ ಷರತ್ತು ಹಾಕಿದ. ನನ್ನ ಸಂಭಾಷಣೆ ಬಳಸಬಾರದು, ಪಾತ್ರಗಳ ಹೆಸರು ಬಳಸಬಾರದು, ಇದು ಅಣಕ ಎಂದು ಸಾರಬೇಕು, ನನಗೆ ಬಿಡಿಗಾಸೂ ಬೇಡ. ಇಂಥ ಕೆಲಸ ನಾಲ್ಕು ದಿನವೂ ನಡೆಯದು ಎಂದೇ ಅವನ ಲೆಕ್ಕಾಚಾರವಿದ್ದೀತು.

‘ದಿ ಚಾಕೊಲೇಟ್ ಸೋಲ್ಜರ್’ ಎಂಬ ಹೆಸರಿನಲ್ಲಿ ಅದು 1909ರಲ್ಲಿ ನ್ಯೂಯಾರ್ಕನ್ನೂ 1910ರಲ್ಲಿ ಲಂಡನ್ನನ್ನೂ ಗೆದ್ದಿತು. ಮೂಲ ನಾಟಕ ಕಾಣದಷ್ಟು ಹಣ ಕಂಡಿತು. ಷಾ ಪಾಲಿಗೆ ಸೊನ್ನೆ. ಈ ಉರಿ ಅವನಿಗೆ ಕೊನೆಯವರೆಗೂ ಆರಲಿಲ್ಲ. ‘ಪಿಗ್ಮೇಲಿಯನ್’ ನಾಟಕವನ್ನು ಸಂಗೀತಕ್ಕೆ ಅಳವಡಿಸಲು ಬದುಕಿರುವಷ್ಟು ದಿನ ಯಾರಿಗೂ ಬಿಡಲಿಲ್ಲ. ಅದರ ಸಂಗೀತರೂಪ ‘ಮೈ ಫೇರ್ ಲೇಡಿ’ ಬಂದದ್ದು ಅವನು ಸತ್ತ ಆರು ವರ್ಷದ ಮೇಲೆ, 1956ರಲ್ಲಿ. 1941ರಲ್ಲಿ ಹಾಲಿವುಡ್‌ನ ಎಂಜಿಎಂ ‘ಚಾಕೊಲೇಟ್ ಸೋಲ್ಜರ್’ ಸಿನಿಮಾ ಮಾಡಿದಾಗಲೂ ಷಾ ಕಥೆ ಕೊಡಲಿಲ್ಲ. ಸ್ಟ್ರಾಸ್‌ನ ಹಾಡುಗಳನ್ನು ಹಂಗೇರಿಯ ಮೋಲ್ನಾರ್‌ನ ಬೇರೊಂದು ನಾಟಕಕ್ಕೆ ಅಂಟಿಸಿ ಸಿನಿಮಾ ಮುಗಿಸಿದರು.

ಯುದ್ಧದ ಜಂಬ ಕಳಚಲು ಬರೆದ ನಾಟಕದಿಂದ ಯುದ್ಧವನ್ನು ತೆಗೆದು ಪ್ರೇಮವನ್ನಷ್ಟೇ ಉಳಿಸಿಕೊಂಡರೆ ಹಣ ಬರುತ್ತದೆ ಎಂಬುದು ಆಗಲೇ ಸಾಬೀತಾಗಿತ್ತು.

ಹಾರಾಡಿದವರ ನಾಟಕ

ಯುದ್ಧ ಕಂಡವರು ಈ ನಾಟಕವನ್ನು ಹುಡುಕಿಕೊಂಡು ಬಂದ ಪರಿ ಮಾತ್ರ ಬೇರೆಯೇ. ಅದರಲ್ಲೂ ವಿಮಾನ ಹಾರಿಸಿದವರು.

ಮೊದಲನೆಯವನು ರಾಬರ್ಟ್ ಲೊರೇನ್. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಹೋಗಿ ಬಂದ ನಟ. 1907ರ ಡಿಸೆಂಬರಿನಲ್ಲಿ ಸವಾಯ್ ಥಿಯೇಟರಿನಲ್ಲಿ ಬ್ಲಂಟ್ಷ್ಲಿಯಾದ. 1910ರಲ್ಲಿ ಐರಿಷ್ ಸಮುದ್ರವನ್ನು ವಿಮಾನದಲ್ಲಿ ದಾಟಲು ಹೋಗಿ ದಡ ಇನ್ನೇನು ಸಿಕ್ಕಿತು ಅನ್ನುವಾಗ ನೀರಿಗೆ ಬಿದ್ದು ಈಜಿ ಪಾರಾದ. ಮೊದಲ ಮಹಾಯುದ್ಧದಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸೇರಿ, ಗಾಯಗೊಂಡು, ಶೌರ್ಯಪದಕಗಳನ್ನು ಪಡೆದ. ಅಂಥವನು 1919ರ ಡಿಸೆಂಬರಿನಲ್ಲಿ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ಮತ್ತೆ ಬ್ಲಂಟ್ಷ್ಲಿಯಾಗಿ ನಿಂತ.

ಆ ಸಭೆಯನ್ನು ಊಹಿಸಿಕೊಳ್ಳಿ. ಕದನವಿರಾಮಕ್ಕೆ ಒಂದೇ ವರ್ಷ ಕಳೆದಿತ್ತು. ಕಂದಕಗಳಲ್ಲಿ ನಿದ್ದೆಗೆಟ್ಟವರು, ಅಣ್ಣ-ತಮ್ಮಂದಿರನ್ನು ಕಳೆದುಕೊಂಡವರು ಊರ ತುಂಬ ಇದ್ದರು. ಪದಕ ಪಡೆದ ಸೈನಿಕನೇ ರಂಗದ ಮೇಲೆ ನಿಂತು ಹಸಿವು, ಭಯ, ನಿದ್ದೆಯ ಮಾತಾಡಿದಾಗ ಸೈನಿಕ ಹೀಗೂ ಇರುತ್ತಾನೆಯೇ ಎಂದು ಕೇಳುವ ಬಾಯಿ ಉಳಿದಿರಲಿಲ್ಲ. 25 ವರ್ಷ ಹಿಂದೆ ವಿಲಕ್ಷಣ ಅನ್ನಿಸಿಕೊಂಡ ಮಾತು ಈಗ ಬರೀ ವರದಿಯಾಗಿತ್ತು.

1932ರಲ್ಲಿ ಇದನ್ನು ಸಿನಿಮಾ ಮಾಡಿದವನು ಸೆಸಿಲ್ ಲೂಯಿಸ್. ಅವನೂ ಹುಡುಗನಿದ್ದಾಗಲೇ ವಿಮಾನದಳ ಸೇರಿ ಮೊದಲ ಮಹಾಯುದ್ಧದಲ್ಲಿ ಹೋರಾಡಿದವನು. ಸಿನಿಮಾ ಓಡಲಿಲ್ಲ, ಬಿಡಿ.

ಮೂರನೆಯ ಸರದಿ ಇಬ್ಬರದು. 1944ರಲ್ಲಿ ನಟರಾದ ರಾಲ್ಫ್ ರಿಚರ್ಡ್‌ಸನ್ ಮತ್ತು ಲಾರೆನ್ಸ್ ಒಲಿವಿಯರ್ ಇಬ್ಬರೂ ನೌಕಾಪಡೆಯ ವಿಮಾನದಳದಲ್ಲಿದ್ದರು. ಶತ್ರು ವಿಮಾನಗಳಿಗಿಂತ ಸ್ವಂತ ಪಡೆಯ ವಿಮಾನಗಳನ್ನೇ ಹೆಚ್ಚು ಜಖಂ ಮಾಡಿದರೆಂಬ ಖ್ಯಾತಿ ಅವರದು. ಓಲ್ಡ್ ವಿಕ್ ನಾಟಕ ಕಂಪನಿಯನ್ನು ಮತ್ತೆ ಕಟ್ಟಲು ಇವರನ್ನು ಬಿಟ್ಟುಕೊಡಿ ಎಂದು ಕೇಳಿದಾಗ ನೌಕಾಪಡೆ ಅವಮಾನವೆನಿಸುವಷ್ಟು ಬೇಗ ಒಪ್ಪಿತು ಎಂದು ಒಲಿವಿಯರ್ ನಗುತ್ತಿದ್ದ.

ಓಲ್ಡ್ ವಿಕ್ ಕಟ್ಟಡ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ಹಾಗಾಗಿ ನ್ಯೂ ಥಿಯೇಟರಿನಲ್ಲಿ ನಾಟಕಗಳು. ರಿಚರ್ಡ್‌ಸನ್ ಬ್ಲಂಟ್ಷ್ಲಿ, ಒಲಿವಿಯರ್ ಸರ್ಜಿಯಸ್, ಮಾರ್ಗರೆಟ್ ಲೇಟನ್ ರೈನಾ, ಅವಳ ತಾಯಿಯಾಗಿ ಸಿಬಿಲ್ ಥಾರ್ನ್‌ಡೈಕ್. ಮೊದಲು ಮ್ಯಾಂಚೆಸ್ಟರಿನಲ್ಲಿ ಆಡಿದರು. ವಿಮರ್ಶಕರು ರಿಚರ್ಡ್‌ಸನ್‌ನನ್ನು ಹೊಗಳಿದರು, ಒಲಿವಿಯರ್ ಕಡೆ ತಿರುಗಿ ನೋಡಲಿಲ್ಲ. ಅವನು ಕಂಗಾಲಾದ.

ಓಲ್ಡ್ ವಿಕ್‌ನ ಟೈರೋನ್ ಗತ್ರಿ ಕೇಳಿದ: ಸರ್ಜಿಯಸ್ ಅಂದರೆ ನಿನಗೆ ಪ್ರೀತಿ ಇಲ್ಲವೇ? ಅಂಥ ಬಡಾಯಿ ಮೂರ್ಖನನ್ನು ಹೇಗೆ ಪ್ರೀತಿಸಲಿ ಎಂದ ಒಲಿವಿಯರ್. ಪ್ರೀತಿಸಲಾರೆಯಾದರೆ ಆ ಪಾತ್ರ ನಿನ್ನ ಕೈಗೆ ಎಂದೂ ಸಿಗುವುದಿಲ್ಲ ಎಂದು ಗತ್ರಿ ಹೇಳಿಹೋದ. ವಾರದೊಳಗೆ ಪಾತ್ರ ಬೇರೆಯಾಯಿತು. ತನ್ನ ನಟನೆಯ ದಿಕ್ಕನ್ನೇ ಬದಲಿಸಿದ ಮಾತು ಇದು ಎಂದು ಒಲಿವಿಯರ್ ಕಡೆಯವರೆಗೂ ನೆನೆಯುತ್ತಿದ್ದ.

ಲಂಡನ್ ಪ್ರಯೋಗ ಸೆಪ್ಟೆಂಬರ್ 5ರಂದು. ಮೂರು ದಿನದ ಮೇಲೆ, 8ರಂದು, ಜರ್ಮನಿಯ ಮೊದಲ ವಿ-2 ರಾಕೆಟ್ ಲಂಡನ್ ಮೇಲೆ ಬಿತ್ತು. ಸೈರನ್ನಿಗೂ ಪುರಸೊತ್ತು ಕೊಡದ ಅಸ್ತ್ರ ಅದು. ಜನ ಥಿಯೇಟರಿಗೆ ಬರುವುದನ್ನು ಬಿಡಲಿಲ್ಲ. ಅದೇ ತಂಡ 13ರಂದು ‘ರಿಚರ್ಡ್ ದಿ ಥರ್ಡ್’ ಆಡಿತು, ಒಲಿವಿಯರ್ ದಂತಕಥೆಯಾದ. 88 ತುಂಬಿದ್ದ ಷಾ ಎರಡನೆಯ ಮಹಾಯುದ್ಧದಲ್ಲೂ ತನ್ನ ನಾಟಕ ನಡೆಯುವುದನ್ನು ಕಂಡ.

■ ಕ್ಯಾಪ್ಟನ್ನರ ಯುದ್ಧ
ನಿಜವಾದ ಸರ್ಬಿಯಾ-ಬಲ್ಗೇರಿಯಾ ಯುದ್ಧ ನಡೆದದ್ದು 1885ರ ನವೆಂಬರ್ 14ರಿಂದ 28ರವರೆಗೆ. ನಿರ್ಣಾಯಕವಾದದ್ದು ಸ್ಲಿವ್ನಿತ್ಸಾ ಕಾಳಗ. ಯುದ್ಧಕ್ಕೆ ಮುಂಚೆಯೇ ರಷ್ಯಾ ತನ್ನ ಅಧಿಕಾರಿಗಳನ್ನು ಬಲ್ಗೇರಿಯಾದ ಸೇನೆಯಿಂದ ವಾಪಸು ಕರೆಸಿಕೊಂಡಿತ್ತು. ಉಳಿದವರಲ್ಲಿ ಕ್ಯಾಪ್ಟನ್ ಹುದ್ದೆ ದಾಟಿದವರು ಇಲ್ಲವೆನ್ನುವಷ್ಟು ಕಡಿಮೆ. ಆ ಕ್ಯಾಪ್ಟನ್ನರೇ ಸರ್ಬಿಯಾದ ಜನರಲ್‌ಗಳನ್ನು ಸೋಲಿಸಿದರು. ಷಾ ನಾಟಕದಲ್ಲಿ ಮಾತ್ರ ಬಲ್ಗೇರಿಯಾದ ಸೇನೆಯ ತುಂಬ ಮೇಜರ್‌ಗಳು, ಜತೆಗೊಬ್ಬ ರಷ್ಯನ್ ಅಧಿಕಾರಿ!

ಬೆಲ್ಸೆನ್‌ನಲ್ಲಿ ಒಂದು ಮಧ್ಯಾಹ್ನ

1945ರ ಮೇ. ಯುರೋಪಿನಲ್ಲಿ ಯುದ್ಧ ಮುಗಿದಿತ್ತು. ಓಲ್ಡ್ ವಿಕ್ ತಂಡ ಸೈನಿಕ ಸಮವಸ್ತ್ರ ತೊಟ್ಟು ಬೆಲ್ಜಿಯಂ, ಜರ್ಮನಿ, ಫ್ರಾನ್ಸ್‌ಗೆ ಹೊರಟಿತು. ಆ ದಾರಿಯಲ್ಲಿ ಬೆಲ್ಸೆನ್ ಕೂಡ ಇತ್ತು.

ಬೆಲ್ಸೆನ್ ನಾಜಿಗಳ ಯಾತನಾ ಶಿಬಿರ. ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಒಳಹೊಕ್ಕಾಗ ಸಾವಿರಾರು ಹೆಣಗಳು ಹೂಳದೆ ಬಿದ್ದಿದ್ದವು. ಜೀವ ಹಿಡಿದುಕೊಂಡಿದ್ದವರನ್ನು ಟೈಫಸ್ ಜ್ವರ ಮತ್ತು ಹಸಿವು ಕೊಲ್ಲುತ್ತಿದ್ದವು. ವಾರಗಟ್ಟಲೆ ಅದನ್ನೇ ನೋಡುತ್ತ ಕೆಲಸ ಮಾಡುತ್ತಿದ್ದ ವೈದ್ಯಕೀಯ ಸಿಬ್ಬಂದಿ ಮತ್ತು ಸೈನಿಕರಿಗಾಗಿ ತಂಡ ಅಲ್ಲಿ ನಾಟಕ ಆಡಿತು. ಆಡಿದ್ದು ಇದೇ ನಾಟಕ.

62 ವರ್ಷದ ಸಿಬಿಲ್ ಥಾರ್ನ್‌ಡೈಕ್ ಅಲ್ಲಿನ ಮಕ್ಕಳ ಆಸ್ಪತ್ರೆಗೂ ಹೋದಳು. ಅದೇ ದಿನ ಬಣ್ಣ ಹಚ್ಚಿ, ಚೆಲುವಾದ ಉಡುಪು ತೊಟ್ಟು, ಯುದ್ಧ ಗೆದ್ದ ಸಡಗರದಲ್ಲಿ ಮಗಳ ಕೋಣೆಗೆ ಓಡಿಬರುವ ತಾಯಿಯ ಪಾತ್ರ ಮಾಡಬೇಕಿತ್ತು. ಅವಳು ಕಲಕಿಹೋಗಿದ್ದಳು, ಆದರೂ ಮಾಡಿದಳು.

ಆ ಜಾಗದಲ್ಲಿ ಹಾಸ್ಯ ನಾಟಕ ಸರಿಯೇ ಎಂದು ಕೇಳುವವರಿದ್ದಾರೆ. ವೀರಾವೇಶದ ನಾಟಕವನ್ನು ಅಲ್ಲಿ ಆಡಲು ಸಾಧ್ಯವೇ ಇರಲಿಲ್ಲ ಎಂಬುದು ನನ್ನ ಉತ್ತರ. ಹಸಿದ ಸೈನಿಕನೊಬ್ಬ ಸಿಹಿಗಾಗಿ ಕೈ ಚಾಚುವ ದೃಶ್ಯವನ್ನು ಅರ್ಥ ಮಾಡಿಕೊಳ್ಳಲು ಆ ಪ್ರೇಕ್ಷಕರಿಗೆ ಟಿಪ್ಪಣಿ ಬೇಕಿರಲಿಲ್ಲ.

ನೊಂದವರು ಯಾರು?

ಈ ನಗೆಯಲ್ಲಿ ನೊಂದವರೂ ಇದ್ದರು. ಪೆಟ್ಕಾಫ್ ಮನೆಯವರು ತಮ್ಮಲ್ಲಿ ಗ್ರಂಥಾಲಯ ಇದೆಯೆಂದು ಮಾತುಮಾತಿಗೆ ಕೊಚ್ಚಿಕೊಳ್ಳುತ್ತಾರೆ. ದಿನಾ ಮೈ ತೊಳೆಯುವುದು ಆರೋಗ್ಯಕ್ಕೆ ಕೆಟ್ಟದ್ದು ಎಂದು ಯಜಮಾನ ಗೊಣಗುತ್ತಾನೆ. 1920ರ ದಶಕದಲ್ಲಿ ವಿಯೆನ್ನಾ, ಬರ್ಲಿನ್ನುಗಳಲ್ಲಿ ಓದುತ್ತಿದ್ದ ಬಲ್ಗೇರಿಯಾದ ವಿದ್ಯಾರ್ಥಿಗಳು ಇದಕ್ಕೆ ಪ್ರತಿಭಟಿಸಿದರು. ನಿಮಗೆ ನೋವಾದದ್ದಕ್ಕೆ ವಿಷಾದವಿದೆ, ಆದರೆ ನೋಡುವವರನ್ನು ಚುಚ್ಚುವುದೇ ಹಾಸ್ಯ ನಾಟಕಕಾರನ ಕಸುಬು ಎಂದು ಷಾ ಉತ್ತರಿಸಿದ.

ಉತ್ತರ ಚುರುಕಾಗಿದೆ, ನ್ಯಾಯವಾಗಿಲ್ಲ. ಷಾ ಚುಚ್ಚಬೇಕೆಂದಿದ್ದದ್ದು ಲಂಡನ್ನಿನ ಜಂಬವನ್ನು. ಚುಚ್ಚಿಸಿಕೊಂಡವರು ಪುಟ್ಟ ದೇಶವೊಂದರವರು. ಹೊಸದಾಗಿ ತಲೆಯೆತ್ತಿದ ತಮ್ಮ ನಾಡಿಗಾಗಿ ಅವರು ನಿಜವಾಗಿಯೂ ಹೋರಾಡಿ ಗೆದ್ದಿದ್ದರು. ಲಂಡನ್ ಪ್ರೇಕ್ಷಕರು ಬಲ್ಗೇರಿಯನ್ನರನ್ನು ನೋಡಿ ನಕ್ಕು ತಾವು ಪಾರಾದರು.

ಯುದ್ಧಾನಂತರ ನಾಟಕ ನಟರ ಆಡುಂಬೊಲವಾಯಿತು. 1953ರ ಬೇಸಿಗೆಯಲ್ಲಿ ಮರ್ಲಾನ್ ಬ್ರ್ಯಾಂಡೋ ಗೆಳೆಯರನ್ನು ಕಟ್ಟಿಕೊಂಡು ಅಮೆರಿಕದ ಸಣ್ಣ ಊರುಗಳಲ್ಲಿ ಸರ್ಜಿಯಸ್ ಆಡಿದ. ಅದೇ ಅವನ ಕೊನೆಯ ರಂಗಪಾತ್ರ, ಮತ್ತೆ ವೇದಿಕೆ ಹತ್ತಲಿಲ್ಲ. ಜರ್ಮನಿಯಲ್ಲಿ 1958ರಲ್ಲಿ ಬಂದ ‘ಹೆಲ್ಡೆನ್’ ಸಿನಿಮಾ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. 1985ರಲ್ಲಿ ಬ್ರಾಡ್‌ವೇಯಲ್ಲಿ ಜಾನ್ ಮಾಲ್ಕೊವಿಚ್ ನಿರ್ದೇಶನದಲ್ಲಿ ಕೆವಿನ್ ಕ್ಲೈನ್ ಬ್ಲಂಟ್ಷ್ಲಿ, ರಾಲ್ ಜೂಲಿಯಾ ಸರ್ಜಿಯಸ್ ಆದರು.

ಇನ್ನು ನಮ್ಮ ಹವ್ಯಾಸಿ ತಂಡಗಳಿಗೊಂದು ಮಾತು. ನಾಟಕ ಮೂರು ಅಂಕದ್ದು. ಎಂಟೇ ಪಾತ್ರಗಳು, ಅದರಲ್ಲಿ ಮೂರು ಹೆಣ್ಣು ಪಾತ್ರಗಳು, ಮೂರೂ ಗಟ್ಟಿ. ಮಲಗುವ ಕೋಣೆ, ತೋಟ, ಗ್ರಂಥಾಲಯ ಇಷ್ಟಾದರೆ ರಂಗಸಜ್ಜಿಕೆ ಮುಗಿಯಿತು. ಮೂರನೆಯ ಅಂಕ ಸ್ವಲ್ಪ ಎಳೆದಾಡುತ್ತದೆ, ಧೈರ್ಯವಾಗಿ ಕತ್ತರಿ ಹಾಕಬಹುದು. ಷಾ ತೀರಿಕೊಂಡದ್ದು 1950ರ ನವೆಂಬರ್ 2ರಂದು. ಭಾರತದಲ್ಲಿ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 2011ರಿಂದ ಈ ನಾಟಕವನ್ನು ಅನುವಾದಿಸಲು, ಆಡಲು, ಹಾಡಿಗೆ ಅಳವಡಿಸಲು ಯಾರ ಅನುಮತಿಯೂ ಬೇಡ, ಗೌರವಧನವೂ ಇಲ್ಲ. ಚಾಕೊಲೇಟಿನ ಖರ್ಚು ಮಾತ್ರ ತಂಡದ್ದು.